ಕಲ್ಪತರುವಿನ ನಾಡೂ ನಾಲ್ಕು ದಿಕ್ಕಿನ ಗಾಳಿಯೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೆಂಬ ಈ ಮೂರು ಸೀಮೆಗಳ ತೋಟಗಳಿಂದಲೇ ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಅಭಿಧಾನವು ಸಾರ್ಥಕವಾಗಿರುವುದು ಸರ್ವವಿದಿತವಾದ ವಿಷಯವು. ಬೇರಿನಿಂದ ಸುಳಿಯವರೆಗೆ ನಿರುಪಯುಕ್ತವಾದ ಅಂಗವೊಂದೂ ಇಲ್ಲದ ಮರವಾದುದರಿಂದ ಹಿರಿಯರು ತೆಂಗಿಗೆ ಕಲ್ಪವೃಕ್ಷವೆಂಬ ಹೆಸರನ್ನಿತ್ತರು. ಆದರೆ ಪುರಾಣದ ಕಲ್ಪವೃಕ್ಷಕ್ಕೂ ತೋಟದ ಕಲ್ಪವೃಕ್ಷಕ್ಕೂ ಒಂದು ಭೇದವುಂಟು. ಅದು ಬೇಡಿದವನಿಗೆ ಬೇಡಿದ ಕ್ಷಣದಲ್ಲಿಯೇ ಕೊಡುವುದು. ಇದು ದುಡಿದವನಿಗೆ, ಕಾದವನಿಗೆ, ಲೆಕ್ಕವನ್ನು ಬಲ್ಲವನಿಗೆ ಮಾತ್ರ ಕೊಡುವುದು. ಈಚಿನ ವರ್ಷಗಳಲ್ಲಿ ವಾಣಿಜ್ಯ, ಕಾನೂನು, ಯಂತ್ರವಿದ್ಯೆ, ಆರೋಗ್ಯ ಎಂಬ ನಾಲ್ಕು ದಿಕ್ಕುಗಳಿಂದಲೂ ಹೊಸ ಗಾಳಿಯು ಬೀಸಿ ಈ ಮರವನ್ನು ಅಲುಗಿಸುತ್ತಿರುವುದು. ಆ ನಾಲ್ಕನ್ನೂ ತೋಟದ ಒಕ್ಕಲುಗಳಾದ ಭಕ್ತರ ಮುಂದೆ ಕ್ರಮವಾಗಿ ಇಡುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ವಾಣಿಜ್ಯವನ್ನು ನೋಡುವುದು ಯುಕ್ತವು. ಕೊಬ್ಬರಿಯಲ್ಲಿ ಎರಡು ಬಗೆಗಳುಂಟು. ಕಾಯನ್ನು ಹೋಳುಮಾಡಿ, ಬಿಸಿಲಿಗಾಗಲಿ ಒಲೆಯ ಶಾಖಕ್ಕಾಗಲಿ ಕೆಲವು ದಿನ ಒಣಗಿಸಿ ಗಾಣಕ್ಕೆ ಹಾಕುವುದು ಎಣ್ಣೆಯ ಕೊಬ್ಬರಿಯು; ಕೇರಳದಲ್ಲಿ ಇದೇ ಹೆಚ್ಚು. ಬಲಿತ ಕಾಯನ್ನು ಒಡೆಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಾಗಿ ನಿಂತು, ಅಲುಗಿಸಿದರೆ ಲೊಡಲೊಡನೆ ಸದ್ದುಮಾಡುವ ಹೊತ್ತಿಗೆ ಸುಲಿದು ತೆಗೆಯುವುದು ಉಂಡೆ ಕೊಬ್ಬರಿಯು. ಒಣ ಹವೆಯುಳ್ಳ ಈ ಸೀಮೆಯು ಇದಕ್ಕೆ ಹೇಳಿ ಮಾಡಿಸಿದಂತಿರುವುದು. ಇದು ಮುಖ್ಯವಾಗಿ ಗಾಣಕ್ಕೆ ಹೋಗತಕ್ಕದ್ದಲ್ಲ. ಉತ್ತರ ಭಾರತದಲ್ಲಿ ದ್ರಾಕ್ಷಿ ಗೋಡಂಬಿಗಳ ಸಾಲಿನಲ್ಲಿ ಸೇರಿ, ಹಬ್ಬ ಮದುವೆ ಪೂಜೆಗಳಲ್ಲಿ ವಿನಿಯೋಗವಾಗತಕ್ಕದ್ದು. ಆದುದರಿಂದ ತಿಪಟೂರಿನ ಪೇಟೆಯಲ್ಲಿ ಧಾರಣೆಯನ್ನು ಏರಿಸಿ ಇಳಿಸುವ ಕೈಯು ಬಹುದೂರದ ಊರುಗಳಲ್ಲಿರುವುದು. ಇಂದು ಕಿತ್ತ ಕಾಯಿಗೆ ಬರುವ ವರ್ಷದ ಬೆಲೆಯು ಸಲ್ಲುವುದು. ಆ ಬೆಲೆಯು ಏನಾಗುವುದೆಂಬುದನ್ನು ಕಾಯಿ ಕೀಳುವ ದಿನ ಯಾರೂ ಅರಿಯರು. ಅಟ್ಟವು ಒಕ್ಕಲಿನ ಉಗ್ರಾಣವೂ ಅಹುದು. ಆತನು ಕಾಲದೊಡನೆ ಒಡ್ಡಿದ ಪಣವೂ ಅಹುದು.

ಆ ಪಣವು ಎಷ್ಟು ಕಠಿಣವಾದುದೆಂಬುದಕ್ಕೆ ಮೂರು ವರ್ಷಗಳ ಲೆಕ್ಕವೇ ಸಾಕ್ಷಿಯಾಗಿದೆ. ೨೦೨೩ನೆಯ ಸಾಲಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲೊಂದಕ್ಕೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿತ್ತು. ಪೇಟೆಯ ಧಾರಣೆಯಾದರೋ ಅದಕ್ಕಿಂತ ಬಹಳ ಕೆಳಗೆ ಬಿದ್ದಿತು. ೨೦೨೪ನೆಯ ಸಾಲಿಗೆ ಬೆಂಬಲ ಬೆಲೆಯು ೧೨,೦೦೦ ಆಯಿತು. ರಾಜ್ಯ ಸರ್ಕಾರವು ಅದರ ಮೇಲೆ ೧,೫೦೦ ರೂಪಾಯಿಗಳನ್ನು ಕೂಡಿಸಿತು. ನಾಫೆಡ್ ಸಂಸ್ಥೆಯ ಖರೀದಿಗೆ ಹೆಸರು ಬರೆಯಿಸಲು ಒಕ್ಕಲುಗಳು ಸಾಲುಗಟ್ಟಿ ನಿಂತರು. ನೋಂದಣಿಯಲ್ಲಿ ಅಕ್ರಮಗಳು ಕಂಡುಬಂದುದರಿಂದ ಅದು ಒಮ್ಮೆ ನಿಂತು ಮರಳಿ ಮೊದಲಾಯಿತು. ೨೦೨೫ನೆಯ ಸಾಲಿಗೆ ಬೆಂಬಲ ಬೆಲೆಯು ೧೨,೧೦೦; ಆದರೆ ಆ ವರ್ಷದ ನಡುವೆ ಪೇಟೆಯ ಧಾರಣೆಯು ಅದರ ಇಮ್ಮಡಿಯನ್ನೂ ದಾಟಿತು. ೨೦೨೬ನೆಯ ಸಾಲಿಗೆ ೧೨,೫೦೦ ರೂಪಾಯಿಗಳೆಂದು ಗೊತ್ತಾಗಿರುವುದು.

ಈ ಏರಿಕೆಯು ಬಂದುದು ಸಮೃದ್ಧಿಯಿಂದಲ್ಲ, ಕೊರತೆಯಿಂದ ಎಂಬುದನ್ನು ಮರೆಯಲಾಗದು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸಾರಲ್ಪಟ್ಟುವು. ತೆಂಗಿನ ಸ್ವಭಾವವೇನೆಂದರೆ, ಹೊಂಬಾಳೆಯ ಮೊಳಕೆಯು ಮರದೊಳಗೆ ಹುಟ್ಟಿದುದು ಮೊದಲ್ಗೊಂಡು ಅದರ ಕಾಯಿ ಬಲಿಯುವ ತನಕ ಮೂರು ವರ್ಷಗಳಿಗೂ ಮೀರಿ ಕಾಲ ಹಿಡಿಯುವುದು. ರಾಗಿಗೆ ತಗಲಿದ ಬರವು ಆ ವರ್ಷವೇ ಕಾಣುವುದು. ತೆಂಗಿಗೆ ತಗಲಿದ ಬರವು ಮುಂದಿನ ಎರಡು ಮೂರು ವರ್ಷ ಕಾಡುವುದು. ಇಂತಿರಲು, ಕಾಯಿ ಕಡಮೆಯಾದ ಕಾಲದಲ್ಲಿಯೇ ಎಳನೀರಿನ ವ್ಯಾಪಾರವೂ ಹೆಚ್ಚಿತು. ಏಳು ತಿಂಗಳ ಬೊಂಡವನ್ನು ಕೊಯಿಸಿದವನಿಗೆ ಹಣವು ಕೂಡಲೆ ಕೈಸೇರುವುದು. ಸುಲಿಯುವ ಕೂಲಿಯಿಲ್ಲ, ಅಟ್ಟದ ಕಾವಲಿಲ್ಲ. ಬೆಲೆಯು ಬಿದ್ದಾಗ ನೊಂದವನು ಆ ದಾರಿಯನ್ನು ಹಿಡಿದುದು ತಪ್ಪೆನ್ನಲಾಗದು. ಆದರೆ ಧಾರಣೆಯು ಏರಿದ ದಿನ ಅನೇಕರ ಅಟ್ಟಗಳು ಬರಿದಾಗಿದ್ದುವು. ಎಲ್ಲವನ್ನೂ ಎಳನೀರಿಗೆ ಕೊಡುವುದೂ, ಎಲ್ಲವನ್ನೂ ಅಟ್ಟಕ್ಕೆ ಏರಿಸುವುದೂ ಎರಡೂ ಪಣವೇ. ತೋಟವನ್ನು ಪಾಲುಮಾಡಿ ಎರಡನ್ನೂ ನಡೆಸುವುದು ಗೃಹಸ್ಥನ ವಿವೇಕವು.

ಎರಡನೆಯದು ಕಾನೂನು. ೧೯೬೬ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ತೂಕ, ಹರಾಜು, ಹಣಪಾವತಿಗಳಿಗೆ ನಿಯಮವನ್ನು ಕಟ್ಟಿತು. ದಲ್ಲಾಳಿಯ ಕಮೀಷನ್ನು ಕೊಳ್ಳುವವನಿಂದ ಬರಬೇಕೇ ಹೊರತು ಮಾರುವ ಒಕ್ಕಲಿನಿಂದಲ್ಲವೆಂಬುದು ಅದರ ಆಶಯವು. ಹೀಗಿದ್ದರೂ ಸರಿಯಾದ ರಸೀದಿಯ ಬದಲು ಬಿಳಿ ಚೀಟಿಯನ್ನು ಕೈಗಿಟ್ಟರೆ ಮರುಮಾತಿಲ್ಲದೆ ಮಡಿಚಿಕೊಂಡು ಹೋಗುವ ಒಕ್ಕಲು ಇನ್ನೂ ಇರುವನು. ಆ ಚೀಟಿಯು ನ್ಯಾಯಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲ. ೨೦೧೪ರಲ್ಲಿ ರಾಜ್ಯವು ಏಕೀಕೃತ ಮಾರುಕಟ್ಟೆಯ ವ್ಯವಸ್ಥೆಯನ್ನು ತಂದಮೇಲೆ ಗಣಕಯಂತ್ರದ ಮೂಲಕ ಟೆಂಡರು ನಡೆಯತೊಡಗಿತು. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿಗೆ ಬದಲಾಗಿ ಅಂಕಿಯು ಎಲ್ಲರ ಕಣ್ಣಿಗೆ ಬೀಳುವಂತಾಯಿತು. ೨೦೨೦ರಲ್ಲಿ ಕೇಂದ್ರವು ಮಾಡಿದ ಮೂರು ಕೃಷಿ ಕಾಯಿದೆಗಳು ೨೦೨೧ರಲ್ಲಿ ರದ್ದಾದುವು. ಕಾಯಿದೆಗಳು ಬರುವುವು, ಹೋಗುವುವು. ರಸೀದಿಯನ್ನು ಕೇಳಿ ಪಡೆಯುವ ಬುದ್ಧಿಯೊಂದು ಮಾತ್ರ ಯಾವ ಕಾಯಿದೆಯಲ್ಲಿಯೂ ಒಕ್ಕಲನ್ನು ಕಾಯುವುದು.

ಇದಕ್ಕಿಂತ ದೊಡ್ಡ ತೊಡಕು ಮನೆಯೊಳಗೇ ಇರುವುದು. ಬೆಂಬಲ ಬೆಲೆಗೆ ಮಾರಬೇಕಾದರೆ ಸರ್ಕಾರದ ಫ್ರೂಟ್ಸ್ ಎಂಬ ದಾಖಲೆಯಲ್ಲಿ ಭೂಮಿಯೊಡನೆ ಒಕ್ಕಲಿನ ಹೆಸರು ಕೂಡಿರಬೇಕು. ಆದರೆ ಪಹಣಿಯಲ್ಲಿ ಗತಿಸಿಹೋದ ತಾತನ ಹೆಸರೇ ನಿಂತಿರುವ ಮನೆಗಳು ಎಷ್ಟೋ! ಮರಗಳನ್ನು ಸಾಕಿದವನು ಮೊಮ್ಮಗನು. ದಾಖಲೆಯ ದೃಷ್ಟಿಯಲ್ಲಿ ಆತನು ಯಾರೂ ಅಲ್ಲ. ಬೆಲೆ ಬಿದ್ದ ವರ್ಷ ಸರ್ಕಾರದ ನೆರವು ಅತ್ಯವಶ್ಯವಾದವನಿಗೇ ಆ ಬಾಗಿಲು ಮುಚ್ಚುವುದು. ಪೌತಿ ಖಾತೆಯನ್ನು ಮಾಡಿಸದೆ ಮುಂದೂಡಿದುದಕ್ಕೆ ಕಾರಣವು ಸೋಮಾರಿತನ ಮಾತ್ರವಲ್ಲ. ಪಾಲಿನ ಮಾತೆತ್ತಿದರೆ ಹೆಣ್ಣುಮಕ್ಕಳಿಗೂ ಕೊಡಬೇಕಾದೀತೆಂಬ ಅಂಜಿಕೆಯೂ ಅನೇಕ ಕಡೆ ಕಾರಣವಾಗಿರುವುದು. ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರಿಗೂ ಲಿಂಗಾಯತರಿಗೂ ಅನ್ವಯಿಸುವುದೆಂದು ಆ ಕಾಯಿದೆಯಲ್ಲಿಯೇ ಹೆಸರೆತ್ತಿ ಹೇಳಿದೆ. ಕರ್ನಾಟಕವು ೧೯೯೪ರಲ್ಲಿಯೂ, ಕೇಂದ್ರವು ೨೦೦೫ರಲ್ಲಿಯೂ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಭಾಗವನ್ನು ವಿಧಿಸಿದುವು. ೨೦೨೦ನೆಯ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದ ಬಂದುದು, ೨೦೦೫ರಲ್ಲಿ ತಂದೆಯು ಬದುಕಿದ್ದನೇ ಇಲ್ಲವೇ ಎಂಬುದು ಅದಕ್ಕೆ ಅಡ್ಡಿಯಲ್ಲ ಎಂದು ತೀರ್ಪಿತ್ತಿತು. ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣಿಗೆ ಇಷ್ಟಲಿಂಗವನ್ನಿತ್ತು ಸಮಾನಳೆಂದು ಸಾರಿದ ಪರಂಪರೆಯವರು ಪಹಣಿಯ ಮುಂದೆ ಮಾತ್ರ ಹಿಂಜರಿಯುವುದು ಶೋಭಿಸದು.

ಎಣ್ಣೆಯ ವಿಷಯದಲ್ಲಿಯೂ ಒಂದು ವಿಚಿತ್ರವಾದ ವ್ಯಾಜ್ಯವು ನಡೆಯಿತು. ಸಣ್ಣ ಸೀಸೆಯಲ್ಲಿ ಮಾರುವ ಶುದ್ಧ ತೆಂಗಿನೆಣ್ಣೆಯು ಊಟದ ಪದಾರ್ಥವೋ ತಲೆಗೆ ಹಚ್ಚುವ ಪದಾರ್ಥವೋ ಎಂಬ ಪ್ರಶ್ನೆಯು, ಅವೆರಡರ ಮೇಲಿನ ತೆರಿಗೆಗಳು ಬೇರೆಬೇರೆಯಾಗಿದ್ದ ಕಾರಣ, ಬಹುವರ್ಷ ಎಳೆಯಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರಲ್ಲಿ ಭಿನ್ನಾಭಿಪ್ರಾಯವುಂಟಾಯಿತು. ೨೦೨೪ನೆಯ ಡಿಸೆಂಬರ್ ೧೮ರಂದು ಮೂವರು ನ್ಯಾಯಾಧೀಶರ ಪೀಠವು, ಸೀಸೆಯು ಸಣ್ಣದಾದ ಮಾತ್ರಕ್ಕೆ ಆಹಾರದ ಎಣ್ಣೆಯು ಕೇಶತೈಲವಾಗದು ಎಂದು ನಿರ್ಣಯಿಸಿತು. ತರುವಾಯ ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ಕೇಶತೈಲದ ತೆರಿಗೆಯೂ ಶೇಕಡಾ ೧೮ರಿಂದ ೫ಕ್ಕೆ ಇಳಿದುದರಿಂದ ಆ ಭೇದವೇ ಅಳಿಯಿತು. ಅಡಿಗೆಯ ಮನೆಯ ತಾಯಿಯು ಎಂದಿನಿಂದಲೋ ಬಲ್ಲ ಸಂಗತಿಯನ್ನು ಸ್ಥಾಪಿಸಲು ನ್ಯಾಯಸ್ಥಾನಕ್ಕೆ ಇಷ್ಟು ಕಾಲ ಹಿಡಿಯಿತು.

ಮೂರನೆಯದು ಯಂತ್ರವಿದ್ಯೆ. ತೋಟದಲ್ಲಿ ಇಂದಿನ ಮೊದಲ ಪ್ರಶ್ನೆಯು ಮರವನ್ನು ಹತ್ತುವರಾರು ಎಂಬುದು. ಹಿಂದೆ ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಕಾಯಕಕ್ಕೆ ಈಗ ಜನವಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು ೨೦೧೧ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಶಿಕ್ಷಣಕ್ರಮವನ್ನು ತೊಡಗಿ, ಕಾಲಿಗೆ ಕಟ್ಟಿ ಮೆಟ್ಟಿಲಿನಂತೆ ಏರುವ ಯಂತ್ರದಿಂದ ಹತ್ತುವುದನ್ನು ಯುವಕರಿಗೂ ಸ್ತ್ರೀಯರಿಗೂ ಕಲಿಸಿತು. ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ವಿಮೆಯನ್ನೂ ಏರ್ಪಡಿಸಿತು. ಆದರೆ ವಿಮೆಯ ಹೆಸರನ್ನೇ ಕೇಳದ ಹತ್ತುಗಾರರು ಬಹುಮಂದಿ. ಮರದಿಂದ ಬಿದ್ದವನು ಬದುಕಿದರೂ ಬೆನ್ನೆಲುಬು ಮುರಿದು ಮಂಚ ಹಿಡಿದರೆ ಆ ಮನೆಯ ಒಲೆಯು ಹೇಗೆ ಉರಿಯಬೇಕು? ಕಾಯಿಯ ಲೆಕ್ಕವನ್ನು ಒಂದೂ ಬಿಡದೆ ಎಣಿಸುವ ತೋಟದ ಯಜಮಾನನು ಹತ್ತುವವನ ವಿಮೆ ಇದೆಯೇ ಎಂದು ಒಮ್ಮೆ ಕೇಳಿದರೆ, ಇಲ್ಲದಿದ್ದರೆ ಅದರ ಹಣವನ್ನು ತಾನೇ ಕಟ್ಟಿದರೆ, ಅದು ದಾಸೋಹಕ್ಕಿಂತ ಕಡಮೆಯಾದ ಕಾರ್ಯವಲ್ಲ.

ವಿದ್ಯೆಯು ಯಂತ್ರದಲ್ಲಿ ಮಾತ್ರವಿರುವುದಲ್ಲ. ಬೀಜದಲ್ಲಿಯೂ ಕೀಟದಲ್ಲಿಯೂ ಇರುವುದು. ಇದೇ ಸೀಮೆಯ ತಿಪಟೂರು ಎತ್ತರದ ತಳಿಯಿಂದ ಆರಿಸಿ ತೆಗೆದ ಕಲ್ಪತರು ಎಂಬ ತಳಿಯು ಬರವನ್ನು ತಾಳುವ ಗುಣಕ್ಕೂ ಉಂಡೆ ಕೊಬ್ಬರಿಗೂ ಹೆಸರಾಗಿದೆ. ಗರಿಯನ್ನು ತಿನ್ನುವ ಕಪ್ಪು ತಲೆ ಹುಳುವಿನ ಮೇಲೆ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಬಿಟ್ಟು ಹುಳುವಿನಿಂದಲೇ ಹುಳುವನ್ನು ಅಡಗಿಸುವ ಕ್ರಮವುಂಟು. ೧೯೯೮ರಲ್ಲಿ ಕೇರಳದಲ್ಲಿ ಮೊದಲು ಕಂಡು, ಬಳಿಕ ಈ ತೋಟಗಳಿಗೂ ಹಬ್ಬಿದ ನುಸಿಯು ಕಣ್ಣಿಗೆ ಕಾಣದಷ್ಟು ಚಿಕ್ಕದು. ಕಾಯಿಯ ತೊಟ್ಟಿನ ಮರೆಯಲ್ಲಿ ಕುಳಿತು ರಸ ಹೀರುವುದರಿಂದ ಕಾಯಿಯು ಕುಗ್ಗಿ, ಮಟ್ಟೆಯು ಬಿರಿಯುವುದು. ಅದಕ್ಕೆ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನುಗಳ ಮಿಶ್ರಣವನ್ನು ಸಿಂಪಡಿಸಬೇಕೆಂದು ಸಂಶೋಧಕರು ಹೇಳಿರುವರು. ಬೇರಿನ ಮೂಲಕ ಮಾನೊಕ್ರೊಟೊಫಾಸ್ ವಿಷವನ್ನು ಉಣಿಸುವ ಪದ್ಧತಿಯೂ ಹಿಂದೆ ಇದ್ದಿತು. ಆ ಔಷಧದ ಬಹುಬಳಕೆಯ ರೂಪವನ್ನು ಕೇಂದ್ರ ಸರ್ಕಾರವು ೨೦೨೩ರಲ್ಲಿ ನಿಷೇಧಿಸಿತು. ಬೇರು ಕುಡಿದ ವಿಷವು ಎಳನೀರಿಗೆ ಏರಿದರೆ ಅದನ್ನು ರೋಗಿಯೂ ಬಾಣಂತಿಯೂ ಕುಡಿಯುವರೆಂಬುದನ್ನು ನೆನೆದರೆ ಈ ನಿಷೇಧದ ಅರ್ಥವು ತಾನೇ ತಿಳಿಯುವುದು.

ಇದರಿಂದ ನಾಲ್ಕನೆಯದಾದ ಆರೋಗ್ಯದ ವಿಚಾರವು ಬರುವುದು. ೨೦೧೮ರಲ್ಲಿ ಜರ್ಮನಿಯ ಫ್ರೈಬರ್ಗ್ ನಗರದ ಉಪನ್ಯಾಸವೊಂದರಲ್ಲಿ ವಿದುಷಿಯೊಬ್ಬರು ತೆಂಗಿನೆಣ್ಣೆಯನ್ನು ವಿಷವೆಂದೇ ಕರೆದರು, ಲೋಕದಲ್ಲೆಲ್ಲ ಕೋಲಾಹಲವಾಯಿತು. ಇತ್ತ ಕೆಲವು ವ್ಯಾಪಾರಿಗಳು ಅದನ್ನು ಸರ್ವರೋಗಗಳಿಗೂ ದಿವ್ಯೌಷಧವೆಂದು ಸಾರುತ್ತಿರುವರು. ಎರಡೂ ಅತಿಯೇ. ತೆಂಗಿನೆಣ್ಣೆಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಸಂತೃಪ್ತ ಕೊಬ್ಬು ಇರುವುದು. ಅದರಲ್ಲಿ ಲಾರಿಕ್ ಆಮ್ಲವೇ ಎಣ್ಣೆಯ ಅರ್ಧದಷ್ಟು. ಇಂಥ ಕೊಬ್ಬಿನಿಂದ ಬರುವ ಶಕ್ತಿಯು ದಿನದ ಆಹಾರಶಕ್ತಿಯಲ್ಲಿ ನೂರಕ್ಕೆ ಹತ್ತನ್ನು ಮೀರದಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯು. ಚಟ್ನಿ ಹೋಳಿಗೆಗಳಲ್ಲಿ ನಾರಿನೊಡನೆ ಮಿತವಾಗಿ ಸೇರುವ ಕಾಯಿ ಕೊಬ್ಬರಿಗಳೇ ಬೇರೆ, ಹಿಂಡಿ ತೆಗೆದ ಎಣ್ಣೆಯನ್ನು ಬಟ್ಟಲುಗಟ್ಟಲೆ ಸೇವಿಸುವುದೇ ಬೇರೆ. ಎಳನೀರು ಬಾಯಾರಿದವನಿಗೆ ಅಮೃತವು. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ರೋಗವುಳ್ಳವನು ವೈದ್ಯರನ್ನು ಕೇಳದೆ ಕುಡಿಯಲಾಗದು. ತನ್ನ ತೋಟದ ಫಲವೆಂಬ ಅಭಿಮಾನದಿಂದ ರೋಗಿಗೆ ಅಪಥ್ಯವನ್ನು ಉಪಚಾರವೆಂದು ಕೊಡುವುದು ಪ್ರೀತಿಯಲ್ಲ.

ಮಹಾಶಯರೇ, ಹುಲ್ಲು ಕೊಯ್ದು ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನವರು, ತಮ್ಮ ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚಾಗಿ ಬಂದ ಹಣವನ್ನು ಒಪ್ಪಲಿಲ್ಲವೆಂದು ಶರಣರ ಚರಿತ್ರೆಗಳು ಹೇಳುವುವು. ಇಂದಿನ ಒಕ್ಕಲು ಪೇಟೆಯು ಕೊಟ್ಟ ಬೆಲೆಯನ್ನು ಹಿಂದಿರುಗಿಸಬೇಕೆಂದು ಇದರ ತಾತ್ಪರ್ಯವಲ್ಲ. ಬಿದ್ದ ವರ್ಷಗಳ ಸಾಲವು ಆತನ ತಲೆಯ ಮೇಲಿದೆ. ಆದರೆ ಏರಿದ ಧಾರಣೆಯಲ್ಲಿ ಆತನ ದುಡಿಮೆಯಷ್ಟೇ ಅಲ್ಲದೆ ಬರದ ಪಾಲೂ ಇರುವುದರಿಂದ, ಅದನ್ನು ಶಾಶ್ವತವಾದ ಆದಾಯವೆಂದು ನಂಬಿ ಹೊಸ ಸಾಲವನ್ನೂ ಹೊಸ ಆಡಂಬರವನ್ನೂ ಕಟ್ಟಿಕೊಳ್ಳುವುದು ಅಪಾಯವು. ಆ ಹಣದಿಂದ ಮೊದಲು ಹಳೆಯ ಸಾಲವು ತೀರಲಿ, ಸೊರಗಿದ ಮರದ ಬುಡಕ್ಕೆ ಗೊಬ್ಬರವೂ ನೀರೂ ಸೇರಲಿ, ಪಹಣಿಯಲ್ಲಿ ಬದುಕಿರುವವರ ಹೆಸರು ಬರಲಿ, ಅದರಲ್ಲಿ ಹೆಣ್ಣುಮಗಳ ಹೆಸರೂ ಇರಲಿ, ಹತ್ತುವವನಿಗೆ ವಿಮೆಯಾಗಲಿ.

ತೆಂಗಿನ ಸಸಿಯನ್ನು ನೆಡುವವನು ತನಗಾಗಿ ಮಾತ್ರ ನೆಡುವುದಿಲ್ಲ. ಆತನು ನೆಟ್ಟುದನ್ನು ಮಕ್ಕಳೂ ಮೊಮ್ಮಕ್ಕಳೂ ಕೀಳುವರು. ಅಂತೆಯೇ ಇಂದು ಮಾಡಿದ ದಾಖಲೆಯೂ, ಬಿಟ್ಟ ವಿಷವೂ, ತೀರಿಸಿದ ಸಾಲವೂ ಅವರಿಗೇ ಫಲಿಸುವುವು. ಈ ನಾಲ್ಕು ಗಾಳಿಗಳಲ್ಲಿ ತೂಗಿದರೂ ಮುರಿಯದ ಮರದಂತೆ ಈ ನಾಡಿನ ಒಕ್ಕಲು ಮನೆಗಳು ನಿಲ್ಲಲೆಂದು ಹಾರೈಸಿ ಉಪನ್ಯಾಸವು ಮುಗಿಸಲ್ಪಡುವುದು.