ಎಣಿಸಿ ನೋಡಿ, ಆಮೇಲೆ ಸಹಿ



ನಾವು ಸೈನಿಕರ ಹೆಂಡಂದಿರು. ಕೊಡಗು, ಬೆಳಗಾವಿ ಕಡೆ ನಮ್ಮಂಥ ಮನೆಗಳು ಬಹಳ. ಎರಡು ಮೂರು ವರ್ಷಕ್ಕೆ ವರ್ಗ ಆಗುತ್ತದೆ. ಎಷ್ಟೋ ಸಲ ಯಜಮಾನರು ಮುಂದೆ ಹೋಗಿರ್ತಾರೆ. ಮನೆ ಖಾಲಿ ಮಾಡೋ ಕೆಲಸ ನಮ್ಮದೇ.

ಆಗ ಏನು ಮಾಡೋಣ?

ಮೊದಲು ಪಟ್ಟಿ ಬರೆಯೋಣ. ಪ್ರತಿ ಟ್ರಂಕಿಗೂ ನಂಬರು ಹಾಕೋಣ. ಒಳಗೆ ಏನಿದೆ ಅಂತ ಪಟ್ಟಿಯಲ್ಲಿ ಬರೆಯೋಣ. ಎರಡು ಪ್ರತಿ ಮಾಡೋಣ. ನಮ್ಮ ಪ್ರತಿಗೆ ಲಾರಿಯವರ ಸಹಿ ಹಾಕಿಸೋಣ.

ಗ್ಯಾಸ್ ಸಿಲಿಂಡರನ್ನು ರೈಲಿನಲ್ಲಿ ಒಯ್ಯುವಂತಿಲ್ಲ. ಸಿಲಿಂಡರು, ರೆಗ್ಯುಲೇಟರು ಏಜೆನ್ಸಿಗೆ ವಾಪಸು ಕೊಡೋಣ. ಠೇವಣಿ ಹಣ, ಚೀಟಿ ಕೇಳಿ ಪಡೆಯೋಣ. ಹೊಸ ಊರಲ್ಲಿ ಆ ಚೀಟಿ ತೋರಿಸಿದರೆ ಸಿಲಿಂಡರು ಸಿಗುತ್ತದೆ.

ಮಕ್ಕಳ ಟಿ.ಸಿ. ಮರೆಯಬಾರದು. ವರ್ಗವಾಗುವ ನೌಕರರ ಮಕ್ಕಳಿಗೆಂದೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದವು. ಅಲ್ಲೂ ಟಿ.ಸಿ. ಕೇಳುತ್ತಾರೆ.

ಟಿ.ಸಿ., ಆಧಾರ್, ಪಾಸ್‌ಬುಕ್, ಲಸಿಕೆ ಕಾರ್ಡು, ಒಡವೆ ಲಾರಿಗೆ ಹಾಕಬಾರದು. ಕೈಚೀಲದಲ್ಲೇ ಇರಲಿ.

ಸಾಮಾನು ಇಳಿಸಿದ ಮೇಲೆ, "ಬೇಗ ಸಹಿ ಹಾಕಮ್ಮಾ" ಅಂತ ಅವಸರ ಮಾಡ್ತಾರೆ. ಹಾಕಬಾರದು. ಪಟ್ಟಿ ಹಿಡಿದು ಎಣಿಸೋಣ. ಒಡೆದದ್ದು, ಕಾಣದಿದ್ದದ್ದು ಅದೇ ಕಾಗದದ ಮೇಲೆ ಬರೆಯೋಣ. ಆಮೇಲೆ ಸಹಿ. ಬರೆದಿದ್ದರೆ ಕೇಳೋಕೆ ಬಾಯಿ ಇರುತ್ತದೆ.

ಹೆಬ್ಬೆಟ್ಟಿನ ಕಾಲ ಮುಗಿಯಿತು. ಓದಿ ನೋಡಿಯೇ ಸಹಿ ಹಾಕೋಣ.