ಅಜ್ಜಿಯ ಹಾಡು ಮತ್ತು 64 ಕೆಬಿಪಿಎಸ್

ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಿದ್ದೀರಿ ಅಲ್ವಾ? ಇರಲಿ, ಇವತ್ತಿನ ವಿಷಯವೂ ಅದರ ಸುತ್ತಲೇ ಇದೆ.

ಕಳೆದ ದೀಪಾವಳಿಗೆ ಮನೆಗೆ ಒಂದು ಜೊತೆ ಒಳ್ಳೇ ಸ್ಪೀಕರ್ ತಂದೆ. ಮೊದಲು ಹಾಕಿದ್ದು ನಮ್ಮಜ್ಜಿಯ ಸೋಬಾನೆ ಪದ. ಸೋದರತ್ತೆ ಮದುವೇಲಿ ಅಜ್ಜಿ ಒಬ್ಬರೇ ಹಾಡಿದ್ದನ್ನ ಅಪ್ಪ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿದ್ರು. ಅಜ್ಜಿ ಈಗಿಲ್ಲ. ಆ ಕ್ಯಾಸೆಟ್ಟನ್ನ ಹದಿನೈದು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಕೊಟ್ಟು ಎಂಪಿ3 ಮಾಡಿಸಿದ್ವಿ. 'ಇನ್ಯಾಕೆ ಇದು' ಅಂತ ಮನೆಗೆ ಸುಣ್ಣ ಬಳಿಸುವಾಗ ಕ್ಯಾಸೆಟ್ ಎಸೆದೂ ಬಿಟ್ವಿ.

ಫೋನಿನಲ್ಲಿ ಎಷ್ಟು ಸಲ ಕೇಳಿದ್ದೆನೋ, ಏನೂ ಅನ್ನಿಸಿರಲಿಲ್ಲ. ಸ್ಪೀಕರಲ್ಲಿ ಹಾಕಿದ್ರೆ ಅಜ್ಜಿ ನೀರೊಳಗೆ ಕೂತು ಹಾಡಿದ ಹಾಗಿತ್ತು. 'ಸ', 'ಶ' ಬಂದಲ್ಲೆಲ್ಲ ಗುಳುಗುಳು. ಬಳೆ ಸದ್ದು ಮರಳು ಉಜ್ಜಿದ ಹಾಗೆ. ಫೈಲ್ ತೆಗೆದು ನೋಡಿದೆ: 64 ಕೆಬಿಪಿಎಸ್.

ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತಗೋತಾರೆ. ಒಂದೊಂದು ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್. ಒಟ್ಟು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. 64 ಅಂದ್ರೆ ಅದರಲ್ಲಿ ಇಪ್ಪತ್ತೆರಡನೇ ಒಂದು ಪಾಲು. ಉಳಿದದ್ದು? ಡೊಳ್ಳು ಬಾರಿಸುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಲ್ಲ ನೋಡಿ, ಹಾಗೆ 'ಇದು ಕಿವಿಗೆ ಬೀಳಲ್ಲ' ಅಂತ ಲೆಕ್ಕ ಹಾಕಿ ಎಂಪಿ3 ಬಿಸಾಡುತ್ತೆ. ಜಾಗ ಸಾಕಷ್ಟಿದ್ದರೆ ಆ ಲೆಕ್ಕ ಜಾಣತನದ್ದೇ. 256ರ ಎಎಸಿ ಫೈಲಿಗೂ ಸಿಡಿಗೂ ವ್ಯತ್ಯಾಸ ಹೇಳು ಅಂದ್ರೆ ನಾನಂತೂ ಸೋಲ್ತೀನಿ. ಆದ್ರೆ 64ರಲ್ಲಿ ಕಿವಿಗೆ ಬೀಳುವುದನ್ನೂ ಬಿಸಾಡಬೇಕಾಗುತ್ತೆ.

ಅದರಲ್ಲೂ ಒಂಟಿ ದನಿಗೆ ಪೆಟ್ಟು ಜಾಸ್ತಿ. ಎಂಪಿ3 ರೂಪಿಸಿದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಪರೀಕ್ಷೆಗೆ ಬಳಸಿದ ಹಾಡುಗಳಲ್ಲಿ ಒಂದು ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್'. ವಾದ್ಯವೇ ಇಲ್ಲ, ಬರೀ ದನಿ. ಮೊದಮೊದಲು ಆ ದನಿ ಕೆಟ್ಟದಾಗಿ ಬರ್ತಿತ್ತು. ತಪ್ಪು ಮುಚ್ಚಿಡೋಕೆ ಹಿಂದೆ ತಬಲಾನೋ ಗಿಟಾರೋ ಇರಬೇಕಲ್ಲ! ನಮ್ಮಜ್ಜಿ ಹಿಂದೆಯೂ ಯಾರೂ ಇರಲಿಲ್ಲ.

ನಾನು ಮಾಡಿದ ಪೆದ್ದು ಕೆಲಸ ಕೇಳಿ. ಅದೇ ಫೈಲನ್ನ 320ಕ್ಕೆ ಬದಲಾಯಿಸಿದೆ. ಸೈಜ್ ಐದು ಪಟ್ಟಾಯ್ತು, ಗುಳುಗುಳು ಹಾಗೇ ಇತ್ತು. ಹೋದದ್ದು ವಾಪಸ್ ಬರಲ್ಲ. ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದಾಗ ಇನ್ನಷ್ಟು ಹೋಗುತ್ತೆ, ಅಷ್ಟೇ. ಬ್ಲೂಟೂತ್ ಕೂಡ ಸಾಮಾನ್ಯವಾಗಿ ದಾರಿಯಲ್ಲಿ ಇನ್ನೊಂದು ಸಲ ಹಿಂಡುತ್ತೆ.

ಮೊನ್ನೆ ಅತ್ತೆಗೆ ಫೋನ್ ಮಾಡಿ ಅಳುಮೋರೆಯಲ್ಲಿ ಹೇಳಿದೆ. 'ಅಯ್ಯೋ, ಅಣ್ಣ ನಂಗೂ ಒಂದು ಕಾಪಿ ಮಾಡಿಕೊಟ್ಟಿದ್ದ ಕಣೋ, ಅಟ್ಟದ ಮೇಲೆ ಇರಬೇಕು' ಅಂದ್ರು. ಗೆಳೆಯನೊಬ್ಬನ ಹಳೇ ಟೇಪ್‌ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿಸಿದ್ದೀನಿ. ಈ ಸಲ ಫ್ಲ್ಯಾಕ್. ಸೈಜ್ ಸುಮಾರು ಅರ್ಧಕ್ಕೆ ಇಳಿದ್ರೂ ಅದರಲ್ಲಿ ಒಂದು ಬಿಟ್ಟೂ ಕಳೆಯಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡ್ತೀನಿ.