ಪಾದರಸದ ನಂದಾದೀಪ



ಕುಕನೂರು ಗುಡಿಗಳ ಊರು. ಮಹಾಮಾಯೆಯ ಸನ್ನಿಧಿಯನ್ನೂ ನವಲಿಂಗ ದೇವಾಲಯಗಳನ್ನೂ ಬಲ್ಲ ಅಲ್ಲಿನ ಶ್ರೋತೃಗಳಿಗೆ ನಂದಾದೀಪವೆಂದರೇನೆಂದು ವಿವರಿಸಬೇಕಾದುದಿಲ್ಲ. ಈ ಹೊತ್ತು ಯಂತ್ರಶಾಲೆಯ ಒಂದು ನಂದಾದೀಪದ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆ ಮಾಡುವೆನು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತಗಳಂತೆ ಹಿಂದುಮುಂದಾಗಿ ಹರಿಯತಕ್ಕುದು. ಬ್ಯಾಟರಿಯನ್ನು ತುಂಬುವುದಕ್ಕಾದರೋ ಒಂದೇ ದಿಕ್ಕಿನ ಪ್ರವಾಹ ಬೇಕು. ಇದನ್ನು ಪಾದರಸದ ಚಾಪದಿಂದ ಸಾಧಿಸಬಹುದೆಂದು 1902ರಲ್ಲಿ ಅಮೆರಿಕದ ಪೀಟರ್ ಕೂಪರ್ ಹ್ಯೂಯಿಟ್ ತೋರಿಸಿಕೊಟ್ಟನು.

ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆ. ತಳದಲ್ಲಿ ಪಾದರಸದ ಮಡು. ಪಕ್ಕದ ತೋಳುಗಳಲ್ಲಿ ಗ್ರಾಫೈಟಿನ ಧನಧ್ರುವಗಳು. ಚಾಪವು ಹೊತ್ತಿದೊಡನೆ ಪಾದರಸದ ಮೇಲೆ ಉಜ್ವಲವಾದ ಬಿಂದುವೊಂದು ಮೂಡಿ, ನಿಂತಲ್ಲಿ ನಿಲ್ಲದೆ ಅತ್ತಿತ್ತ ಓಡಾಡುತ್ತದೆ. ಎಲೆಕ್ಟ್ರಾನುಗಳು ಹೊರಡುವುದು ಈ ಬಿಂದುವಿನಿಂದ, ಗ್ರಾಫೈಟಿನಿಂದ ಹೊರಡವು. ಆದುದರಿಂದಲೇ ಪ್ರವಾಹಕ್ಕೆ ಒಂದೇ ದಾರಿ.

ಆದರೆ ಈ ಬಿಂದುವಿಗೆ ಪ್ರವಾಹವೇ ಆಹಾರ. ಅದು ಕೆಲವು ಆಂಪಿಯರುಗಳಿಗಿಂತ ಕೆಳಗಿಳಿಯಿತೆಂದರೆ ಬಿಂದುವು ನಂದುವುದು; ತಾನಾಗಿ ಮತ್ತೆ ಹೊತ್ತದು. ಆದಕಾರಣ ಸಣ್ಣ ಸಹಾಯಕ ಧ್ರುವಗಳಿಂದ ಕಿರಿಯ ಚಾಪವೊಂದನ್ನು ಸದಾ ಉರಿಸುತ್ತಿದ್ದರು. ನಾನು ನಂದಾದೀಪವೆಂದುದು ಇದನ್ನೇ.

ದೀಪ ಉಳಿದರೆ ಸಾಕೇ? ಸಾಲದು. ಬುರುಡೆಯು ಅತಿಯಾಗಿ ಕಾದರೆ ಆವಿ ದಟ್ಟವಾಗಿ, ಧನಧ್ರುವದ ಮೇಲೆಯೇ ಅಂಥ ಬಿಂದು ಹುಟ್ಟಬಹುದು. ಆಗ ಪ್ರವಾಹವು ಹಿಮ್ಮೆಟ್ಟಿ ಹರಿದು ಪರಿವರ್ತಕವೇ ಅಪಾಯಕ್ಕೀಡಾಗುವುದು. ಅತಿಯಾಗಿ ತಣಿದರೆ ಆವಿ ತೆಳುವಾಗಿ, ಪ್ರವಾಹವು ತಟ್ಟನೆ ಕಡಿದು, ತಂತಿಗಳಲ್ಲಿ ವಿಪರೀತವಾದ ವೋಲ್ಟೇಜು ಏಳುವುದು. ಬುರುಡೆಯ ಮೇಲ್ಭಾಗವನ್ನು ಗುಮ್ಮಟದಂತೆ ವಿಶಾಲವಾಗಿ ಊದಿದ್ದು ಆವಿಯು ಅಲ್ಲಿ ತಣಿದು, ಹನಿಯಾಗಿ ಮಡುವಿಗೆ ಇಳಿಯಲೆಂದು. ನಮ್ಮ ಎರೆನಾಡಿನ ವೈಶಾಖದ ಬಿಸಿಲಿನಲ್ಲಿ ಅದಕ್ಕೆ ಬೀಸಣಿಗೆಯ ಗಾಳಿಯೂ ಬೇಕಾದೀತು.

ಈ ಚಾಪವು ದೊಡ್ಡ ಕೆಲಸಗಳನ್ನೂ ಮಾಡಿತು. 1954ರಲ್ಲಿ ಸ್ವೀಡನ್ನಿನಿಂದ ಗಾಟ್ಲೆಂಡ್ ದ್ವೀಪಕ್ಕೆ ಸಮುದ್ರದಡಿಯಲ್ಲಿ ವಿದ್ಯುತ್ತು ಹೋದುದು ಇದರ ಬಲದಿಂದ. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 2,000 ಮೆಗಾವಾಟುಗಳ ಏಕಮುಖ ಪ್ರವಾಹದ ಮಾರ್ಗವಾದಾಗ, ಆ ಸ್ಥಾನದಲ್ಲಿ ಸಿಲಿಕಾನಿನ ಥೈರಿಸ್ಟರುಗಳು ಬಂದಿದ್ದುವು. ಅವಕ್ಕೆ ನಂದುವ ಬಿಂದುವಿಲ್ಲ, ಆವಿಯ ಚಿಂತೆಯಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಹಳೆಯ ಚಿತ್ರಮಂದಿರದ ಉಗ್ರಾಣದಲ್ಲೋ ಗುಜರಿಯಲ್ಲೋ ತೋಳುಗಳುಳ್ಳ ಇಂಥ ಬುರುಡೆ ಕಂಡರೆ ಅದನ್ನು ಒಡೆಯಬೇಡಿರಿ; ಮಕ್ಕಳ ಕೈಗೆ ಕೊಡಬೇಡಿರಿ. ಪಾದರಸದ ಆವಿ ವಿಷ. ಬೆಳಕು ನಂದಿ ಎಷ್ಟು ಕಾಲವಾದರೂ ಒಳಗಿನ ಪಾದರಸ ಹಾಗೆಯೇ ಇರುವುದು.